ಹುಳ ಹಿಡಿಯುವ ಗಿಡ: ಸಾಕುವ ಮೊದಲು, ಕೊಳ್ಳುವ ಮೊದಲು

ಮಕ್ಕಳೇ, 'ಕೀಟಾಹಾರಿ ಸಸ್ಯಗಳು' ಎಂಬ ಮಾತನ್ನು ನೀವು ವಿಜ್ಞಾನ ಪಾಠದಲ್ಲಿ ಓದಿರುತ್ತೀರಿ. ಒಂದು ಹೂಜಿ ಗಿಡದ ಚಿತ್ರ, ಅದರ ಕೆಳಗೆ ನಾಲ್ಕು ಸಾಲು. "ಸಾರಜನಕದ ಕೊರತೆ ನೀಗಿಸಲು ಕೀಟಗಳನ್ನು ಹಿಡಿಯುತ್ತವೆ" ಅಂತ ಬರೆದರೆ ಒಂದು ಅಂಕ. ಅಲ್ಲಿಗೆ ಪಾಠ ಮುಗಿಯಿತು.

ಆದರೆ ಆ ಗಿಡ ಈಗ ಪುಸ್ತಕದ ಹೊರಗೂ ಸಿಗುತ್ತದೆ. ಪೇಟೆಯ ನರ್ಸರಿಗಳಲ್ಲಿ ಹೂಜಿ ಗಿಡ ತೂಗು ಹಾಕಿರುತ್ತಾರೆ. ನೊಣ ಹಿಡಿಯುವ ಗಿಡದ ಬೀಜ ಅಂತ ಪೊಟ್ಟಣಗಳು ಅಂಚೆಯಲ್ಲಿ ಬರುತ್ತವೆ. ಇಂಥ ಗಿಡಗಳನ್ನು ಸಾಕುವ, ಬದಲಾಯಿಸಿಕೊಳ್ಳುವ, ಮಾರುವ ಹವ್ಯಾಸಿಗಳು ಲೋಕದ ಎಲ್ಲಾ ಕಡೆ ಇದ್ದಾರೆ. ಒಳ್ಳೆಯ ಹವ್ಯಾಸವೇ. ಕೈಯಲ್ಲಿ ಗಿಡ ಇದ್ದರೆ ವಿಜ್ಞಾನ ಬೇಗ ತಲೆಗೆ ಹೋಗುತ್ತದೆ. ಆದರೆ ಇದೇ ಹವ್ಯಾಸದಿಂದ ಕೆಲವು ಗಿಡಗಳು ಕಾಡಿನಲ್ಲಿ ಇಲ್ಲವಾಗುತ್ತಾ ಬಂದಿವೆ. ಕೆಲವು ಗಿಡಗಳು ಇದೇ ಹವ್ಯಾಸಿಗಳ ದೆಸೆಯಿಂದ ಉಳಿದೂ ಇವೆ. ಈ ವ್ಯತ್ಯಾಸ ಎಲ್ಲಿಂದ ಬರುತ್ತದೆ ಎನ್ನುವುದೇ ಈ ಪಾಠ.

ಗಿಡಕ್ಕೆ ಹಸಿವೆಯಾ?

ತರಗತಿಯಲ್ಲಿ ಯಾವಾಗಲೂ ಬರುವ ಮೊದಲ ಪ್ರಶ್ನೆ: "ಮಾಷ್ಟ್ರೇ, ಹುಳ ತಿನ್ನದಿದ್ರೆ ಆ ಗಿಡ ಸಾಯ್ತದಾ?"

ಬೇಗನೆ ಸಾಯುವುದಿಲ್ಲ. ಅದೂ ಹಸಿರು ಗಿಡವೇ. ಬಿಸಿಲು, ನೀರು, ಇಂಗಾಲದ ಡೈ ಆಕ್ಸೈಡು ಇಟ್ಟುಕೊಂಡು ದ್ಯುತಿಸಂಶ್ಲೇಷಣೆ ಮಾಡಿ ತನ್ನ ಸಕ್ಕರೆಯನ್ನು ತಾನೇ ತಯಾರಿಸುತ್ತದೆ. ನಾವು ಅನ್ನದಿಂದ ಪಡೆಯುವ ಶಕ್ತಿಯನ್ನು ಅದು ಬಿಸಿಲಿನಿಂದ ಪಡೆಯುತ್ತದೆ. ಹುಳದಿಂದ ಅದಕ್ಕೆ ಬೇಕಾಗಿರುವುದು ಬೇರೆ: ಸಾರಜನಕ, ರಂಜಕ ಮೊದಲಾದ ಪೋಷಕಾಂಶ. ಪ್ರೋಟೀನ್ ಕಟ್ಟಲಿಕ್ಕೆ, ಹೊಸ ಎಲೆ ಬಿಡಲಿಕ್ಕೆ, ಬೀಜ ಮಾಡಲಿಕ್ಕೆ ಇವು ಬೇಕೇ ಬೇಕು. ತೋಟದ ಗಿಡ ಇವನ್ನು ಬೇರಿನ ಮೂಲಕ ಮಣ್ಣಿನಿಂದ ಎಳೆದುಕೊಳ್ಳುತ್ತದೆ. ಜೌಗು ನೆಲ, ಬರೀ ಮರಳು, ಬಂಡೆಯ ಮೇಲಿನ ಒಂದು ಬೆರಳು ದಪ್ಪದ ಮಣ್ಣು, ಇಂಥ ಕಡೆ ಬೇರಿಗೆ ಸಿಗುವುದು ನೀರು ಮಾತ್ರ. ಸಾರವೆಲ್ಲ ಮಳೆಗೆ ತೊಳೆದು ಹೋಗಿರುತ್ತದೆ. ಅಲ್ಲಿ ಈ ಗಿಡಗಳು ಎಲೆಯನ್ನೇ ಬಲೆಯಾಗಿ ಮಾಡಿಕೊಂಡಿವೆ.

ಇದನ್ನು ಪ್ರಯೋಗ ಮಾಡಿ ತೋರಿಸಿದವರಲ್ಲಿ ಮುಖ್ಯರು ಚಾರ್ಲ್ಸ್ ಡಾರ್ವಿನ್. ಇಂಗ್ಲೆಂಡಿನ ಜೌಗು ನೆಲದಲ್ಲಿ ಬೆಳೆಯುವ ಡ್ರಾಸೆರಾ ಗಿಡವನ್ನು ಅವರು 1860ರಿಂದ ನೋಡತೊಡಗಿದರು. ಅದರ ಎಲೆಯ ಮೇಲೆ ಸಕ್ಕರೆ ನೀರು, ಗಂಜಿ, ಎಣ್ಣೆ ಹಾಕಿದರು. ಎಲೆ ಸುಮ್ಮನಿತ್ತು. ಹಾಲು, ಮೊಟ್ಟೆಯ ಬಿಳಿ, ಮಾಂಸದ ರಸ ಹಾಕಿದಾಗ ಎಲೆಯ ಮೇಲಿನ ಕೂದಲುಗಳು ಬಾಗಿದವು. ಅಂದರೆ ಸಾರಜನಕ ಇರುವ ವಸ್ತುವನ್ನು ಎಲೆ ಗುರುತಿಸುತ್ತಿತ್ತು. 1875ರಲ್ಲಿ ಅವರು ಇದನ್ನೆಲ್ಲ ಒಂದು ದೊಡ್ಡ ಪುಸ್ತಕವಾಗಿ ಪ್ರಕಟಿಸಿದರು.

ಆದರೆ ಒಂದು ಪ್ರಶ್ನೆ ಬಾಕಿ ಇತ್ತು: ಹುಳ ತಿಂದದ್ದರಿಂದ ಗಿಡಕ್ಕೆ ಏನಾದರೂ ಲಾಭ ಉಂಟೋ? ಅದಕ್ಕೆ ಉತ್ತರ ಕೊಟ್ಟದ್ದು ಅವರ ಮಗ ಫ್ರಾನ್ಸಿಸ್ ಡಾರ್ವಿನ್, 1878ರಲ್ಲಿ. ಗಿಡಗಳನ್ನು ಎರಡು ಗುಂಪು ಮಾಡಿ, ಎರಡಕ್ಕೂ ಹುಳ ಬಾರದಂತೆ ಪರದೆ ಕಟ್ಟಿ, ಒಂದು ಗುಂಪಿಗೆ ಮಾತ್ರ ಮಾಂಸದ ಸಣ್ಣ ಚೂರು ಕೊಟ್ಟರು. ಮಾಂಸ ಸಿಕ್ಕಿದ ಗುಂಪಿನಲ್ಲಿ ಬೀಜಗಳ ಸಂಖ್ಯೆ ಎರಡು ಪಟ್ಟಿಗೂ ಹೆಚ್ಚು ಇತ್ತು. ಗಮನಿಸಿ: ಉಳಿದದ್ದೆಲ್ಲ ಸಮಾನ, ವ್ಯತ್ಯಾಸ ಒಂದೇ ಒಂದು. ನೀವು ವಿಜ್ಞಾನ ಮೇಳಕ್ಕೆ ಪ್ರಯೋಗ ಮಾಡುವಾಗಲೂ ಇದೇ ಕ್ರಮ.

ನಮ್ಮ ಪದವಿನ ಮೇಲೆ

ಇಂಥ ಗಿಡ ನೋಡಲು ಇಂಗ್ಲೆಂಡಿಗೆ ಹೋಗಬೇಕೆಂದಿಲ್ಲ. ಕಾಸರಗೋಡಿನ ಮಕ್ಕಳು ದಿನಾ ಅದರ ಪಕ್ಕದಲ್ಲೇ ನಡೆದು ಶಾಲೆಗೆ ಬರುತ್ತಿರಬಹುದು. ಬೇರೆ ಕಡೆಯ ಮಕ್ಕಳಿಗಾಗಿ ಹೇಳುವುದಾದರೆ, ಪದವು ಎಂದರೆ ಮುರಕಲ್ಲಿನ ಗುಡ್ಡದ ಮೇಲಿನ ಸಮತಟ್ಟು ಜಾಗ. ಬೇಸಗೆಯಲ್ಲಿ ಕಾದ ಕಾವಲಿ. ಮಳೆಗಾಲದಲ್ಲಿ ಕಲ್ಲಿನ ಮೇಲೆಲ್ಲ ನೀರು ಒಸರುತ್ತಾ ಇರುತ್ತದೆ. ವರ್ಷಕ್ಕೆ 3,000 ಮಿಲಿಮೀಟರಿಗಿಂತ ಹೆಚ್ಚು ಮಳೆ ಬೀಳುವಲ್ಲಿ ಕಲ್ಲಿನ ಮೇಲಿನ ತೆಳು ಮಣ್ಣಿನಲ್ಲಿ ಸಾರ ಉಳಿಯುವುದು ಹೇಗೆ? ಕೀಟಾಹಾರಿ ಗಿಡಕ್ಕೆ ಬೇಕಾದ ಜಾಗ ಇದುವೇ.

ಆಟಿ ಕಳೆದು ಸೋಣ ತಿಂಗಳು ಬಂದಾಗ ಬಗ್ಗಿ ನೋಡಿ. ನಾಣ್ಯದಷ್ಟು ಅಗಲದ, ನೆಲಕ್ಕೆ ಅಂಟಿಕೊಂಡ ಕೆಂಪು ಚಕ್ರದಂಥ ಗಿಡ ಡ್ರಾಸೆರಾ ಬರ್ಮಾನಿ. ಒಂದು ಗೇಣಿನ ಒಳಗಿನ, ದಾರದಂಥ ಎಲೆಯ ಗಿಡ ಡ್ರಾಸೆರಾ ಇಂಡಿಕಾ. ಎರಡರ ಎಲೆಯ ಮೇಲೂ ಕೂದಲು, ಕೂದಲ ತುದಿಯಲ್ಲಿ ಇಬ್ಬನಿಯಂತೆ ಹೊಳೆಯುವ ಹನಿ. ಇಬ್ಬನಿ ಬಿಸಿಲಿಗೆ ಆರುತ್ತದೆ, ಈ ಹನಿ ಮಧ್ಯಾಹ್ನವೂ ಇರುತ್ತದೆ. ಅದು ಅಂಟು. ಸಣ್ಣ ನೊಣ, ಇರುವೆ ಕೂತರೆ ಸಿಕ್ಕಿಹಾಕಿಕೊಂಡಿತು.

ಅಲ್ಲೇ ನೀರು ಒಸರುವ ಕಡೆ ನೀಲಿ ಹೂವಿನ ಹಾಸು ಕಂಡರೆ ಅದು ಯುಟ್ರಿಕ್ಯುಲೇರಿಯಾ. ಮಲಯಾಳದಲ್ಲಿ ಕಾಕ್ಕಪ್ಪೂವು. ಓಣಂ ಪೂಕಳಕ್ಕೆ ಮಕ್ಕಳು ಕೊಯ್ಯುವ ಅದೇ ಹೂವು. ಹೂವು ಮೇಲೆ ಚಂದ, ಬೇಟೆ ಕೆಳಗೆ. ಒದ್ದೆ ಮಣ್ಣಿನೊಳಗೆ ಇದಕ್ಕೆ ಸಾಸಿವೆಗಿಂತಲೂ ಸಣ್ಣ ಚೀಲಗಳಿವೆ. ಚೀಲದ ಒಳಗಿನ ನೀರನ್ನು ಹೊರಗೆ ಹಾಕಿ ಗಿಡ ಅದನ್ನು ಬಿಗಿಯಾಗಿ ಇಟ್ಟುಕೊಂಡಿರುತ್ತದೆ. ಬಾಗಿಲಿನ ಕೂದಲಿಗೆ ಸೂಕ್ಷ್ಮಜೀವಿಯೊಂದು ತಾಗಿದ ಕೂಡಲೇ ಬಾಗಿಲು ತೆರೆದು ನೀರಿನ ಜೊತೆ ಅದನ್ನೂ ಒಳಗೆ ಎಳೆದುಕೊಳ್ಳುತ್ತದೆ. ನೀರಿನಲ್ಲಿ ಬೆಳೆಯುವ ಜಾತಿಗಳಲ್ಲಿ ಈ ಎಳೆತ ಒಂದು ಸೆಕೆಂಡಿನ ಸಾವಿರದ ಒಂದು ಭಾಗಕ್ಕಿಂತಲೂ ಕಡಿಮೆ ಹೊತ್ತಿನಲ್ಲಿ ಮುಗಿಯುತ್ತದೆ ಎಂದು ಅತಿ ವೇಗದ ಕ್ಯಾಮೆರಾದಿಂದ ಅಳೆದಿದ್ದಾರೆ.

ಜತ್ತದ ಮಕ್ಕಳಿಗೆ ಹತ್ತಿರದ ಉದಾಹರಣೆ ಸಾತಾರಾ ಜಿಲ್ಲೆಯ ಕಾಸ್ ಪ್ರಸ್ಥಭೂಮಿ. ಅಲ್ಲೂ ಮುರಕಲ್ಲೇ. ಅಲ್ಲಿನ ಯುಟ್ರಿಕ್ಯುಲೇರಿಯಾಕ್ಕೆ ಮರಾಠಿಯಲ್ಲಿ 'ಸೀತೇಚಿ ಆಸವೇ', ಅಂದರೆ ಸೀತೆಯ ಕಣ್ಣೀರು ಎಂದು ಹೆಸರು. ಡ್ರಾಸೆರಾಕ್ಕೆ 'ದವಬಿಂದು'. ನೀಲಗಿರಿಯ ಮಕ್ಕಳು ಉದಕಮಂಡಲದ ಕಡೆಯ ಹುಲ್ಲುಗಾವಲಿನಲ್ಲಿ ಡ್ರಾಸೆರಾ ಪೆಲ್ಟಾಟಾ ನೋಡಬಹುದು. ಸೊಲ್ಲಾಪುರದ ಕರಿ ಎರೆ ಹೊಲದಲ್ಲಿ ಡ್ರಾಸೆರಾ ಹುಡುಕಿದರೆ ಸಿಗಲಿಕ್ಕಿಲ್ಲ. ಯಾಕೆ ಅಂತ ಈಗ ನೀವೇ ಹೇಳಬಲ್ಲಿರಿ.

ಲೆಕ್ಕ ಮಾಡುವ ಗಿಡ

ಹವ್ಯಾಸಿಗಳು ಮೊದಲು ಆಸೆಪಡುವ ಗಿಡ ವೀನಸ್ ಫ್ಲೈಟ್ರ್ಯಾಪ್. ಇಡೀ ಲೋಕದಲ್ಲಿ ಇದು ತಾನಾಗಿ ಬೆಳೆಯುವ ಜಾಗ ಒಂದೇ: ಅಮೆರಿಕದ ನಾರ್ತ್ ಕೆರೊಲಿನಾ ಮತ್ತು ಸೌತ್ ಕೆರೊಲಿನಾ ರಾಜ್ಯಗಳ ಕರಾವಳಿ, ಅದೂ ವಿಲ್ಮಿಂಗ್ಟನ್ ಪಟ್ಟಣದಿಂದ ಸುಮಾರು 160 ಕಿಲೋಮೀಟರಿನ ಒಳಗೆ. ಮರಳು ಮಿಶ್ರಿತ ಜೌಗು ನೆಲ, ಮೇಲೆ ಅಲ್ಲೊಂದು ಇಲ್ಲೊಂದು ಪೈನ್ ಮರ.

ಅದರ ಎಲೆಯ ತುದಿ ಪುಸ್ತಕದಂತೆ ಎರಡು ಹಾಳೆ. ಅಂಚಿನಲ್ಲಿ ಹಲ್ಲು. ಪ್ರತಿ ಹಾಳೆಯ ಒಳಗೆ ಸಾಮಾನ್ಯವಾಗಿ ಮೂರು ಸೂಕ್ಷ್ಮ ಕೂದಲು. ಕೂದಲಿಗೆ ಒಂದು ಸಲ ತಾಗಿದರೆ ಬಲೆ ಮುಚ್ಚುವುದಿಲ್ಲ. ಸುಮಾರು 20 ಸೆಕೆಂಡಿನ ಒಳಗೆ ಇನ್ನೊಂದು ಸಲ ತಾಗಿದರೆ ಟಪ್ ಅಂತ ಮುಚ್ಚುತ್ತದೆ. ಯಾಕೆ ಎರಡು ಸಲ? ಒಂದು ಸಲ ತಾಗುವುದು ಮಳೆಹನಿಯೂ ಆಗಬಹುದು, ಒಣ ಹುಲ್ಲೂ ಆಗಬಹುದು. ಎರಡು ಸಲ ತಾಗಿದರೆ ಒಳಗೆ ಏನೋ ಓಡಾಡುತ್ತಿದೆ ಎಂದು ಅರ್ಥ.

ಪ್ರತಿ ಸಲ ಕೂದಲು ಬಾಗಿದಾಗ ಎಲೆಯಲ್ಲಿ ಒಂದು ವಿದ್ಯುತ್ ಮಿಡಿತ ಹರಿಯುತ್ತದೆ. ಇದನ್ನು 1873ರಲ್ಲೇ ಬರ್ಡನ್ ಸ್ಯಾಂಡರ್ಸನ್ ಎಂಬ ವಿಜ್ಞಾನಿ ಅಳೆದಿದ್ದರು. 2016ರಲ್ಲಿ ಜರ್ಮನಿಯ ವ್ಯುರ್ಟ್ಸ್‌ಬುರ್ಗಿನ ಸಂಶೋಧಕರು ಇನ್ನೂ ಮುಂದೆ ಹೋಗಿ ತೋರಿಸಿದರು: ಬಲೆ ಮುಚ್ಚಿದ ಮೇಲೆಯೂ ಲೆಕ್ಕ ನಿಲ್ಲುವುದಿಲ್ಲ. ಸಿಕ್ಕಿದ ಹುಳ ಒದ್ದಾಡಿ ಒಟ್ಟು ಐದು ಸಲದಷ್ಟು ಕೂದಲು ತಾಗಿದ ಮೇಲೆಯೇ ಜೀರ್ಣರಸದ ತಯಾರಿ ಜೋರಾಗುತ್ತದೆ. ಒದ್ದಾಟ ಹೆಚ್ಚಿದರೆ ರಸವೂ ಹೆಚ್ಚು. ಮಿದುಳಿಲ್ಲದ ಗಿಡ ಖರ್ಚು ನೋಡಿ ಕೆಲಸ ಮಾಡುತ್ತದೆ!

"ಬೆರಳು ಹಾಕಿದ್ರೆ ಎಂತ ಆಗ್ತದೆ?" ಬೆರಳಿಗೆ ಏನೂ ಆಗುವುದಿಲ್ಲ. ನಷ್ಟ ಗಿಡಕ್ಕೆ. ಒಂದು ಬಲೆ ಜೀವಮಾನದಲ್ಲಿ ಕೆಲವೇ ಸಲ ಮುಚ್ಚಿ ತೆರೆಯಬಲ್ಲದು. ನೀವು ಆಟಕ್ಕೆ ಮುಚ್ಚಿಸಿದ ಪ್ರತಿ ಸಲವೂ ಅದಕ್ಕೆ ಬಿಟ್ಟಿ ದುಡಿಮೆ.

ಸಾಕುವ ಕ್ರಮ

ಕೀಟಾಹಾರಿ ಗಿಡ ತಂದವರಲ್ಲಿ ಹೆಚ್ಚಿನವರು ಅದನ್ನು ಕೊಲ್ಲುವುದು ಪ್ರೀತಿಯಿಂದ. ಒಳ್ಳೆ ಮಣ್ಣು, ಹಟ್ಟಿಗೊಬ್ಬರ, ಬಾವಿ ನೀರು ಕೊಡುತ್ತಾರೆ. ಮೂರೂ ಅದಕ್ಕೆ ವಿಷ. ಕಾರಣ ಮೇಲೆಯೇ ಹೇಳಿದ್ದೇವೆ: ಇದು ಸಾರವಿಲ್ಲದ ನೆಲದ ಗಿಡ. ಅದರ ಬೇರು ಲವಣ ತಡೆಯುವುದಿಲ್ಲ. ಮಣ್ಣಿನ ನೀರಿನಲ್ಲಿ ಲವಣ ಹೆಚ್ಚಿದರೆ ಬೇರಿಗೆ ನೀರು ಎಳೆದುಕೊಳ್ಳಲು ಕಷ್ಟವಾಗುತ್ತದೆ, ತುಂಬಾ ಹೆಚ್ಚಿದರೆ ಬೇರಿನ ಒಳಗಿನ ನೀರೇ ಹೊರಗೆ ಹೋಗುತ್ತದೆ. ಉಪ್ಪಿನಕಾಯಿಗೆ ಮಾವಿನಮಿಡಿಯನ್ನು ಉಪ್ಪಿನಲ್ಲಿ ಹಾಕಿದಾಗ ಮಿಡಿ ಮುರುಟುತ್ತದಲ್ಲ, ಅದೇ ಪರಾಸರಣ.

ಹಾಗಾಗಿ:

ನೀರು: ಮಳೆನೀರು ಎಲ್ಲಕ್ಕಿಂತ ಉತ್ತಮ. ಸ್ವಚ್ಛವಾದ ಡಬ್ಬದಲ್ಲಿ ಹಿಡಿದು ಮುಚ್ಚಿಡಿ. ರಾಯದುರ್ಗ, ಜತ್ತ, ಅಕ್ಕಲಕೋಟೆ ಕಡೆಯ ಗಡಸು ಬೋರ್ ನೀರು ಬೇಡವೇ ಬೇಡ.

ಮಣ್ಣು: ತೋಟದ ಮಣ್ಣು, ಸುಡುಮಣ್ಣು, ಗೊಬ್ಬರ ಯಾವುದೂ ಬೇಡ. ಸ್ಫ್ಯಾಗ್ನಮ್ ಪಾಚಿ ಅಥವಾ ಪೀಟ್‌ಗೆ ಚೆನ್ನಾಗಿ ತೊಳೆದ ದಪ್ಪ ಮರಳು ಅಥವಾ ಪರ್ಲೈಟ್ ಬೆರೆಸಬೇಕು. ಕಡಲ ಬದಿಯ ಮರಳಿನಲ್ಲಿ ಉಪ್ಪು ಉಂಟು, ಅದನ್ನು ಮುಟ್ಟಬೇಡಿ. ತೆಂಗಿನ ನಾರಿನ ಹುಡಿಯಲ್ಲೂ ಲವಣ ಇರುತ್ತದೆ. ಬಳಸುವುದಾದರೆ ಮಳೆನೀರಿನಲ್ಲಿ ಹಲವು ಸಲ ನೆನೆಸಿ ಹಿಂಡಬೇಕು.

ತೇವ: ಡ್ರಾಸೆರಾ, ಫ್ಲೈಟ್ರ್ಯಾಪ್ ಕುಂಡವನ್ನು ನೀರಿರುವ ತಟ್ಟೆಯಲ್ಲಿ ಇಡಬಹುದು. ಹೂಜಿ ಗಿಡಕ್ಕೆ ಹಾಗೆ ಮಾಡಬಾರದು, ಅದರ ಬೇರಿಗೆ ಗಾಳಿ ಆಡಬೇಕು. ತಟ್ಟೆಯ ನೀರನ್ನು ವಾರಕ್ಕೊಮ್ಮೆಯಾದರೂ ಚೆಲ್ಲಿ ತೊಳೆಯಿರಿ. ಇಲ್ಲದಿದ್ದರೆ ಗಿಡದ ಹೆಸರಲ್ಲಿ ಸೊಳ್ಳೆ ಸಾಕಿದಂತೆ. ಹೂಜಿ ಗಿಡ ಸೊಳ್ಳೆ ಓಡಿಸುತ್ತದೆ ಅಂತ ಮಾರುವವರನ್ನು ನಂಬಬೇಡಿ. ಕೆಲವು ಸೊಳ್ಳೆಗಳ ಮರಿಗಳು ಹೂಜಿಯ ನೀರಿನಲ್ಲೇ ಆರಾಮವಾಗಿ ಬೆಳೆಯುತ್ತವೆ.

ಬೆಳಕು: ಡ್ರಾಸೆರಾಕ್ಕೆ, ಫ್ಲೈಟ್ರ್ಯಾಪಿಗೆ ಒಳ್ಳೆಯ ಬಿಸಿಲು ಬೇಕು. ಹೂಜಿ ಗಿಡಕ್ಕೆ ಬೆಳಿಗ್ಗೆಯ ಬಿಸಿಲು, ಆಮೇಲೆ ಚದುರಿದ ಬೆಳಕು.

ಆಹಾರ: ಹೊರಗೆ ಇಟ್ಟರೆ ತಾನೇ ಹಿಡಿಯುತ್ತದೆ. ಕೋಳಿ ಮಾಂಸ, ಅನ್ನ, ಬಿಸ್ಕತ್ತು ತುರುಕಬೇಡಿ. ಬಲೆ ಕೊಳೆತು ಹೋಗುತ್ತದೆ.

ಚಳಿ: ಫ್ಲೈಟ್ರ್ಯಾಪಿನ ಊರಲ್ಲಿ ಚಳಿಗಾಲ ಉಂಟು. ಮೂರು ನಾಲ್ಕು ತಿಂಗಳು ಅದು ಬೆಳವಣಿಗೆ ನಿಲ್ಲಿಸಿ ವಿಶ್ರಾಂತಿ ಪಡೆಯುತ್ತದೆ. ಆ ವಿಶ್ರಾಂತಿ ಇಲ್ಲದಿದ್ದರೆ ವರ್ಷ ಎರಡು ವರ್ಷದಲ್ಲಿ ಸೊರಗುತ್ತದೆ. ನೀಲಗಿರಿಯಲ್ಲಿ ಸಾಧ್ಯ, ಮಂಜೇಶ್ವರದಲ್ಲಿ ಕಷ್ಟ. ಬಿಸಿ ಊರಿನವರು ಹೂಜಿ ಗಿಡದ ಮಿಶ್ರತಳಿ ಅಥವಾ ದಕ್ಷಿಣ ಆಫ್ರಿಕಾ ಮೂಲದ ಕೇಪ್ ಡ್ರಾಸೆರಾದಿಂದ ಆರಂಭಿಸಿದರೆ ಒಳ್ಳೆಯದು.

ಕೈಯಿಂದ ಕೈಗೆ

ಈ ಗಿಡಗಳು ಒಬ್ಬರಿಂದ ಒಬ್ಬರಿಗೆ ಹೋಗುವ ದಾರಿಯಲ್ಲೂ ವಿಜ್ಞಾನ ಉಂಟು. ಕೇಪ್ ಡ್ರಾಸೆರಾದ ಒಂದು ಎಲೆಯನ್ನು ಕತ್ತರಿಸಿ ಮಳೆನೀರಿನಲ್ಲಿ ತೇಲಿಬಿಟ್ಟರೆ ಕೆಲವು ವಾರದಲ್ಲಿ ಎಲೆಯ ಮೇಲೆಯೇ ಮರಿಗಿಡಗಳು ಮೂಡುತ್ತವೆ. ಹೂಜಿ ಗಿಡದ ಕಾಂಡ ಕತ್ತರಿಸಿ ಊರಿದರೆ ಬೇರು ಬರುತ್ತದೆ. ಆಸ್ಟ್ರೇಲಿಯಾದ ಕುಬ್ಜ ಡ್ರಾಸೆರಾಗಳು ಚಳಿಗಾಲದಲ್ಲಿ ಸಾಸಿವೆಯಷ್ಟು ದೊಡ್ಡ ಮೊಗ್ಗುಗಳನ್ನು ಉದುರಿಸುತ್ತವೆ. ಒಂದೊಂದೂ ಒಂದು ಗಿಡವಾಗುತ್ತದೆ. ಹವ್ಯಾಸಿಗಳು ಅವನ್ನು ಲಕೋಟೆಯಲ್ಲಿ ಹಾಕಿ ಗೆಳೆಯರಿಗೆ ಕಳಿಸುತ್ತಾರೆ. "ನನ್ನಲ್ಲಿ ಇದು ಉಂಟು, ನಿಮ್ಮಲ್ಲಿ ಎಂತ ಉಂಟು?" ಎನ್ನುವ ಈ ಕೊಡುಕೊಳ್ಳುವಿಕೆಗೆ ಹಣವೇ ಬೇಕಾಗುವುದಿಲ್ಲ. ಅಂತಾರಾಷ್ಟ್ರೀಯ ಕೀಟಾಹಾರಿ ಸಸ್ಯ ಸಂಘ 1972ರಿಂದ ಕೆಲಸ ಮಾಡುತ್ತಿದೆ. ಸದಸ್ಯರು ಬೆಳೆಸಿದ ಗಿಡದ ಬೀಜ ಕೊಟ್ಟು, ಬೇರೆಯವರು ಪಡೆಯುವ ಬೀಜ ಭಂಡಾರವನ್ನೂ ಅದು ನಡೆಸುತ್ತದೆ.

ಹೂಜಿ ಗಿಡದಲ್ಲಿ ಗಂಡು ಗಿಡ ಬೇರೆ, ಹೆಣ್ಣು ಗಿಡ ಬೇರೆ. ಒಬ್ಬರ ಮನೆಯಲ್ಲಿ ಗಂಡು ಮಾತ್ರ ಇದ್ದರೆ ಬೀಜ ಆಗುವುದೇ ಇಲ್ಲ. ಆಗ ಪರಾಗವನ್ನು ಇನ್ನೊಬ್ಬರಿಗೆ ಕಳಿಸುತ್ತಾರೆ. ಒಳ್ಳೆಯ ಹವ್ಯಾಸಿಯ ಕುಂಡದಲ್ಲಿ ಒಂದು ಚೀಟಿ ಇರುತ್ತದೆ: ಗಿಡದ ಪೂರ್ತಿ ಹೆಸರು, ಯಾರಿಂದ ಬಂತು, ಯಾವಾಗ ಬಂತು. ಚೀಟಿ ಕಳೆದರೆ ಗಿಡದ ಚರಿತ್ರೆ ಕಳೆಯಿತು.

ಇದಕ್ಕಿಂತ ದೊಡ್ಡ ದಾರಿ ಅಂಗಾಂಶ ಕೃಷಿ. ಗಿಡದ ಒಂದು ಸಣ್ಣ ತುಣುಕನ್ನು ಸೂಕ್ಷ್ಮಜೀವಿ ಇಲ್ಲದ ಗಾಜಿನ ಸೀಸೆಯಲ್ಲಿ ಅಗರ್, ಸಕ್ಕರೆ, ಹಾರ್ಮೋನುಗಳ ಮೇಲೆ ಬೆಳೆಸಿದರೆ ಒಂದರಿಂದ ಸಾವಿರಾರು ಗಿಡ ಮಾಡಬಹುದು. ಈಗ ಲೋಕದಲ್ಲಿ ಮಾರಾಟವಾಗುವ ಫ್ಲೈಟ್ರ್ಯಾಪ್‌ಗಳಲ್ಲಿ ಬಹುಪಾಲು ಹೀಗೆ ಅಥವಾ ನರ್ಸರಿಯ ಬೀಜ, ಗಡ್ಡೆಗಳಿಂದ ಆದವು. ನರ್ಸರಿಯ ಗಿಡ ಅಗ್ಗಕ್ಕೆ ಸಿಕ್ಕಿದರೆ ಕಾಡಿನ ಗಿಡ ಕಿತ್ತು ತರುವವನಿಗೆ ಲಾಭ ಕಡಿಮೆಯಾಗುತ್ತದೆ. ಹವ್ಯಾಸ ಕಾಡನ್ನು ಉಳಿಸುವುದು ಇಲ್ಲಿ.

ಕಾಡಿನಿಂದ ಕಿತ್ತಾಗ

ಎಲ್ಲರೂ ಈ ದಾರಿಯಲ್ಲಿ ಹೋಗುವುದಿಲ್ಲ. ಕೆರೊಲಿನಾದ ಜೌಗು ನೆಲದಲ್ಲಿ ಫ್ಲೈಟ್ರ್ಯಾಪ್ ಅಗೆದು ಗೋಣಿ ತುಂಬುವ ಕಳ್ಳರು ಬಹಳ ಕಾಲದಿಂದ ಇದ್ದರು. ಮೊದಲು ಸಿಕ್ಕಿಬಿದ್ದರೆ ಸಣ್ಣ ದಂಡ ಮಾತ್ರ. 2014ರ ಡಿಸೆಂಬರಿನಿಂದ ನಾರ್ತ್ ಕೆರೊಲಿನಾದ ಕೆಲವು ಜಿಲ್ಲೆಗಳಲ್ಲಿ ಅದನ್ನು ಜೈಲು ಶಿಕ್ಷೆಯ ಗಂಭೀರ ಅಪರಾಧ ಮಾಡಿದರು. ಮರು ತಿಂಗಳೇ ಹಾಲಿ ಶೆಲ್ಟರ್ ಎಂಬ ಸಂರಕ್ಷಿತ ಪ್ರದೇಶದಿಂದ 970 ಗಿಡ ಕದ್ದ ಆರೋಪದಲ್ಲಿ ನಾಲ್ವರನ್ನು ಹಿಡಿದರು. ಕಳ್ಳರಲ್ಲದೆ ಇನ್ನೂ ಎರಡು ಅಪಾಯ ಉಂಟು. ಒಂದು, ಮನೆ, ರಸ್ತೆಗಾಗಿ ಜೌಗು ನೆಲ ಒಣಗಿಸುವುದು. ಇನ್ನೊಂದು, ನೆಲದ ಬೆಂಕಿಯನ್ನು ಪೂರ್ತಿ ತಡೆಯುವುದು. ಆಗಾಗ ಸಣ್ಣ ಬೆಂಕಿ ಬಿದ್ದರೆ ಪೊದೆ ಸುಟ್ಟು ಫ್ಲೈಟ್ರ್ಯಾಪಿಗೆ ಬಿಸಿಲು ಸಿಗುತ್ತದೆ. ಬೆಂಕಿ ಇಲ್ಲದಿದ್ದರೆ ಪೊದೆಯ ನೆರಳಿನಲ್ಲಿ ಅದು ಸಾಯುತ್ತದೆ.

ಬೋರ್ನಿಯೋ ದ್ವೀಪದ ಕಥೆ ಇನ್ನೂ ಬೇಸರದ್ದು. ಅಲ್ಲಿನ ಕೆಲಾಮ್ ಎಂಬ ಒಂದೇ ಬಂಡೆಬೆಟ್ಟದಲ್ಲಿ ನೆಪೆಂಥಿಸ್ ಕ್ಲಿಪಿಯಾಟಾ ಎಂಬ ಹೂಜಿ ಗಿಡ ಬೆಳೆಯುತ್ತದೆ. ಅಪರೂಪ ಅಂತ ಗೊತ್ತಾದ ಕೂಡಲೇ ಸಂಗ್ರಾಹಕರು ಕಿತ್ತರು, ಜೊತೆಗೆ ಕಾಳ್ಗಿಚ್ಚು. ಈಗ ಅದು ಅಳಿವಿನ ಅಂಚಿನಲ್ಲಿದೆ. ಇಲ್ಲಿ ಒಂದು ವಿಷಚಕ್ರ ನೋಡಿ: ಗಿಡ ಕಡಿಮೆಯಾದಷ್ಟೂ ಬೆಲೆ ಹೆಚ್ಚು, ಬೆಲೆ ಹೆಚ್ಚಾದಷ್ಟೂ ಕೀಳುವವರು ಹೆಚ್ಚು, ಕಿತ್ತಷ್ಟೂ ಗಿಡ ಇನ್ನೂ ಕಡಿಮೆ.

ಅದೇ ಬೋರ್ನಿಯೋದ ಕಿನಬಾಲು ಬೆಟ್ಟದ ನೆಪೆಂಥಿಸ್ ರಾಜಾ ಎಂಬ ಗಿಡದ ಹೂಜಿಯಲ್ಲಿ ಎರಡು ಲೀಟರಿಗೂ ಹೆಚ್ಚು ನೀರು ಹಿಡಿಯುತ್ತದೆ. ಅಳಿಲಿನಂಥ ಮರಮೂಗಿಲಿಗಳು ಹೂಜಿಯ ಮುಚ್ಚಳದ ಸಿಹಿ ನೆಕ್ಕಲು ಬರುತ್ತವೆ, ನೆಕ್ಕುತ್ತಾ ಹೂಜಿಯೊಳಗೇ ಹಿಕ್ಕೆ ಹಾಕುತ್ತವೆ. ಹಿಕ್ಕೆಯಲ್ಲೂ ಸಾರಜನಕ ಉಂಟಲ್ಲ! ಗಿಡವನ್ನು ಕಿತ್ತು ಕುಂಡಕ್ಕೆ ತಂದರೆ ಈ ಸಂಬಂಧ ತರಲಿಕ್ಕೆ ಆಗುವುದಿಲ್ಲ. ಕಾಡು ಉಳಿದರೆ ಮಾತ್ರ ಅದು ಉಳಿಯುತ್ತದೆ.

ನಮ್ಮ ದೇಶದ ಹೂಜಿ ಗಿಡ

ಭಾರತದಲ್ಲಿ ತಾನಾಗಿ ಬೆಳೆಯುವ ಹೂಜಿ ಗಿಡ ಒಂದೇ, ಮೇಘಾಲಯದ ನೆಪೆಂಥಿಸ್ ಖಾಸಿಯಾನಾ. ಗಾರೋ ಜನರು ಅದನ್ನು 'ಮೆಮಾಂಗ್ ಕೋಕ್ಸಿ' ಎನ್ನುತ್ತಾರೆ, ದೆವ್ವದ ಬುಟ್ಟಿ ಎಂದು ಅರ್ಥ. ದಕ್ಷಿಣ ಗಾರೋ ಬೆಟ್ಟದ ಬಾಗ್ಮಾರದಲ್ಲಿ ಅದಕ್ಕಾಗಿಯೇ ಒಂದು ಸಣ್ಣ ರಕ್ಷಿತ ತಾಣ ಉಂಟು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ 1991ರಲ್ಲಿ ಸಸ್ಯಗಳ ಅಧ್ಯಾಯ ಸೇರಿಸಿದಾಗ ಈ ಗಿಡವೂ ರಕ್ಷಿತ ಪಟ್ಟಿಗೆ ಬಂತು. ಅದನ್ನು ಕಾಡಿನಿಂದ ಕೀಳುವುದು ಅಪರಾಧ, ಪರವಾನಗಿ ಇಲ್ಲದೆ ಬೆಳೆಸುವುದು, ಮಾರುವುದು ಕೂಡ ಅಪರಾಧ.

ದೇಶದಿಂದ ದೇಶಕ್ಕೆ ಹೋಗುವ ಗಿಡಗಳಿಗೆ ಸೈಟಿಸ್ ಎಂಬ ಒಪ್ಪಂದ ಉಂಟು. 1973ರಲ್ಲಿ ಆಗಿ 1975ರಲ್ಲಿ ಜಾರಿಗೆ ಬಂತು, ಭಾರತ 1976ರಲ್ಲಿ ಸೇರಿತು. ಖಾಸಿಯಾನಾ ಮತ್ತು ರಾಜಾ ಎರಡೂ ಅದರ ಅತಿ ಬಿಗಿಯಾದ ಮೊದಲ ಪಟ್ಟಿಯಲ್ಲಿವೆ. ಉಳಿದ ಹೂಜಿ ಗಿಡಗಳೂ ಫ್ಲೈಟ್ರ್ಯಾಪೂ ಎರಡನೇ ಪಟ್ಟಿಯಲ್ಲಿವೆ. ಇದಲ್ಲದೆ ಹೊರದೇಶದಿಂದ ಗಿಡ, ಬೀಜ ತರಿಸಲು 2003ರ ಸಸ್ಯ ಸಂಪರ್ಕತಡೆ ಆದೇಶದಂತೆ ಅನುಮತಿ, ಆರೋಗ್ಯ ಪ್ರಮಾಣಪತ್ರ ಬೇಕು. ಗಿಡದ ಜೊತೆ ರೋಗ, ಕೀಟ ಬಂದರೆ ಅಡಿಕೆ, ಕಾಳುಮೆಣಸಿಗೂ ತಾಗಬಹುದಲ್ಲ.

ಖಾಸಿಯಾನಾವನ್ನು ಅಂಗಾಂಶ ಕೃಷಿಯಿಂದ ಹೆಚ್ಚಿಸುವ ಕ್ರಮವನ್ನು ತಿರುವನಂತಪುರ ಜಿಲ್ಲೆಯ ಪಾಲೋಡಿನ ಉಷ್ಣವಲಯ ಸಸ್ಯೋದ್ಯಾನದ ಸಂಶೋಧಕರು 1994ರಲ್ಲೇ ಪ್ರಕಟಿಸಿದ್ದರು. ಗಿಡ ಬೇಕಾದರೆ ಕಾಡಿಗೆ ಕೈ ಹಾಕಬೇಕಾಗಿಲ್ಲ ಎನ್ನುವುದಕ್ಕೆ ಇದು ಸಾಕ್ಷಿ.

ಕೊಳ್ಳುವ ಮೊದಲು ಐದು ಪ್ರಶ್ನೆ

1. ಈ ಗಿಡ ಎಲ್ಲಿಂದ ಬಂತು? ನರ್ಸರಿಯಲ್ಲಿ ಆದದ್ದೋ, ಕಾಡಿನದ್ದೋ? ಉತ್ತರ ಕೊಡಲು ಮಾರುವವರು ತಡವರಿಸಿದರೆ ಬಿಟ್ಟುಬಿಡಿ.
2. ಪೂರ್ತಿ ಹೆಸರು ಏನು? ಬರೀ 'ಹುಳ ತಿನ್ನುವ ಗಿಡ' ಎಂದರೆ ಸಾಲದು.
3. ನಮ್ಮ ಊರಿನ ಬಿಸಿ, ಚಳಿ ಅದಕ್ಕೆ ಆಗ್ತದಾ?
4. ಮಳೆನೀರು ವರ್ಷವಿಡೀ ಕೊಡಲು ನಮ್ಮಿಂದ ಸಾಧ್ಯವಾ?
5. ಬೀಜವಾದರೆ, ಚಿತ್ರ ನಿಜವಾ? ಫ್ಲೈಟ್ರ್ಯಾಪಿನ ಬೀಜ ಕಪ್ಪಗೆ, ಹೊಳಪಾಗಿ, ಎಳ್ಳಿಗಿಂತಲೂ ಸಣ್ಣದಾಗಿರುತ್ತದೆ. ಅದು ದೊಡ್ಡ ಗಿಡವಾಗಲು ಕೆಲವು ವರ್ಷ ಬೇಕು. ನೀಲಿ, ಕಾಮನಬಿಲ್ಲಿನ ಬಣ್ಣದ ಬಲೆಯ ಚಿತ್ರ ತೋರಿಸಿ ಮಾರುವುದು ಮೋಸ.

ಇನ್ನೊಂದು ಮಾತು. ಸಾಕಿ ಬೇಜಾರಾದ ಹೊರದೇಶದ ಗಿಡವನ್ನು ಪದವಿನಲ್ಲೋ ಕೆರೆಯಲ್ಲೋ ಬಿಡಬೇಡಿ. ಅಮೆರಿಕದ ಸರಸೀನಿಯಾ ಎಂಬ ಹೂಜಿ ಗಿಡವನ್ನು ಐರ್ಲೆಂಡಿನ ಜೌಗಿನಲ್ಲಿ ನೆಟ್ಟರು, ಅದು ಅಲ್ಲಿನ ಪಾಚಿ, ಗಿಡಗಳ ಜಾಗ ಹಿಡಿದು ಹರಡಿತು.

ಪದವಿನ ಗಿಡವನ್ನು ಕೀಳಬೇಡಿ

ಇಷ್ಟು ಓದಿ ಯಾರಾದರೂ ಡ್ರಾಸೆರಾ ಕಿತ್ತು ಮನೆಗೆ ಕೊಂಡುಹೋದರೆ ಪಾಠ ಸೋತಂತೆ. ಇಂಡಿಕಾ, ಬರ್ಮಾನಿ ಎರಡೂ ಇಲ್ಲಿ ಒಂದೇ ಮಳೆಗಾಲದ ಗಿಡಗಳು. ಮಳೆಗೆ ಮೊಳೆತು, ಹೂ ಬಿಟ್ಟು, ಬೀಜ ಉದುರಿಸಿ ಒಣಗುತ್ತವೆ. ಬೀಜ ಉದುರುವ ಮೊದಲು ಕಿತ್ತರೆ ಮುಂದಿನ ವರ್ಷದ ಗಿಡಗಳನ್ನೂ ಕಿತ್ತಂತೆ. ಕುಂಡದಲ್ಲಿ ಅದು ಹೇಗೂ ಕೆಲವು ವಾರ ಮಾತ್ರ ಬದುಕುತ್ತದೆ.

ಪದವಿಗೆ ಇನ್ನೂ ದೊಡ್ಡ ಅಪಾಯ ಇರುವುದು ನಮ್ಮ ಮಾತಿನಲ್ಲಿ. "ಅದು ಬರೀ ಪಾಳು ಜಾಗ, ಎಂತದೂ ಬೆಳೆಯುವುದಿಲ್ಲ" ಅನ್ನುತ್ತೇವೆ. ಮುರಕಲ್ಲು ಕಡಿಯುತ್ತೇವೆ, ಮಣ್ಣು ತುಂಬಿಸುತ್ತೇವೆ, ಕಸ ಸುರಿಯುತ್ತೇವೆ. ಗೊಬ್ಬರದ ಮಣ್ಣು ಬಿದ್ದ ಕಡೆ ಹುಲ್ಲು, ಪೊದೆ ಏಳುತ್ತದೆ, ಡ್ರಾಸೆರಾ ಹೋಗುತ್ತದೆ. ಸಾರವಿಲ್ಲದಿರುವುದೇ ಆ ಜಾಗದ ಸಂಪತ್ತು ಎಂದು ಹೇಳಬಲ್ಲವರು ಈ ಪಾಠ ಓದಿದ ನೀವು.

ಮಾಡಿ ನೋಡಿ

ಚಟುವಟಿಕೆ 1: ಮೂರು ಸ್ಟೀಲ್ ತಟ್ಟೆ ತೆಗೆದುಕೊಳ್ಳಿ. ಒಂದರಲ್ಲಿ ಎರಡು ಚಮಚ ಮಳೆನೀರು, ಒಂದರಲ್ಲಿ ಬಾವಿ ನೀರು, ಒಂದರಲ್ಲಿ ಬೋರ್ ನೀರು. ಬಿಸಿಲಿನಲ್ಲಿ ಒಣಗಿಸಿ. ಯಾವ ತಟ್ಟೆಯಲ್ಲಿ ಬಿಳಿ ಕಲೆ ಹೆಚ್ಚು? ಆ ನೀರು ಕೀಟಾಹಾರಿ ಗಿಡಕ್ಕೆ ಯಾಕೆ ಆಗದು?

ಚಟುವಟಿಕೆ 2: ಮಳೆಗಾಲದಲ್ಲಿ ಟೀಚರ ಜೊತೆ ಪದವಿಗೆ ಅಥವಾ ಹತ್ತಿರದ ಹುಲ್ಲುಗಾವಲಿಗೆ ಹೋಗಿ. ಒಂದು ಮೀಟರ್ ಚೌಕಕ್ಕೆ ಹಗ್ಗ ಕಟ್ಟಿ, ಕೀಳದೆ, ತುಳಿಯದೆ, ಡ್ರಾಸೆರಾ ಎಷ್ಟು ಉಂಟು ಎಣಿಸಿ. ಒಂದೊಂದು ಗಿಡದಲ್ಲಿ ಎಷ್ಟು ಹುಳ ಸಿಕ್ಕಿದೆ ಬರೆಯಿರಿ. ಪ್ರತಿ ವರ್ಷ ಅದೇ ಜಾಗದಲ್ಲಿ, ಅದೇ ವಾರದಲ್ಲಿ ಎಣಿಸಿದರೆ ನಿಮ್ಮ ಶಾಲೆಯ ದಾಖಲೆ ತಯಾರು.

ಉತ್ತರಿಸಿ

1. ಕೀಟಾಹಾರಿ ಗಿಡ ದ್ಯುತಿಸಂಶ್ಲೇಷಣೆ ಮಾಡುತ್ತದೆಯೇ? ಹಾಗಾದರೆ ಹುಳ ಯಾಕೆ ಬೇಕು?
2. ಫ್ರಾನ್ಸಿಸ್ ಡಾರ್ವಿನ್ ಎರಡು ಗುಂಪಿಗೂ ಪರದೆ ಕಟ್ಟಿದ್ದು ಯಾಕೆ?
3. ಫ್ಲೈಟ್ರ್ಯಾಪಿನ ಬಲೆ ಒಂದೇ ಸಲ ತಾಗಿದಾಗ ಮುಚ್ಚುವಂತಿದ್ದರೆ ಗಿಡಕ್ಕೆ ಏನು ನಷ್ಟ?
4. ಅಂಗಾಂಶ ಕೃಷಿಯಿಂದ ಗಿಡದ ಬೆಲೆ ಇಳಿದರೆ ಕಾಡಿನ ಗಿಡಕ್ಕೆ ಹೇಗೆ ಸಹಾಯ? ಯಾವ ಸಂದರ್ಭದಲ್ಲಿ ಅದು ಸಹಾಯ ಮಾಡದೆಯೂ ಇರಬಹುದು?
5. ನಿಮ್ಮ ಊರಲ್ಲಿ 'ಪಾಳು' ಎಂದು ಕರೆಯುವ ಒಂದು ಜಾಗದ ಹೆಸರು ಬರೆಯಿರಿ. ಅಲ್ಲಿ ಮಳೆಗಾಲದಲ್ಲಿ ಏನೇನು ಬೆಳೆಯುತ್ತದೆ ಎಂದು ಮನೆಯ ಅಜ್ಜಿ, ಅಜ್ಜನನ್ನು ಕೇಳಿ ಪಟ್ಟಿ ಮಾಡಿ.